ಸಂಗೀತ ನಿಂತ ಮೇಲೂ: ಇರೀನಾ ರೊದ್ನಿನಾರ ಜೋಡಿ ಸ್ಕೇಟಿಂಗ್

ಜೋಡಿ ಫಿಗರ್ ಸ್ಕೇಟಿಂಗ್ ನೋಡುವವರಲ್ಲಿ ಹೆಚ್ಚಿನವರು ಅದರಲ್ಲಿ ಪ್ರೇಮವನ್ನು ಹುಡುಕುತ್ತಾರೆ. ಗಂಡೂ ಹೆಣ್ಣೂ ಕೈಹಿಡಿದು ಮಂಜುಗಡ್ಡೆಯ ಮೇಲೆ ಒಂದೇ ಉಸಿರಿನಲ್ಲಿ ಜಾರಿದರೆ ಅದರ ಹಿಂದೆ ಒಲವಿರಲೇಬೇಕು ಎನ್ನಿಸುತ್ತದೆ. ಈ ನಂಬಿಕೆಗೆ ರೂಪ ಕೊಟ್ಟವರು ಲೆನಿನ್‌ಗ್ರಾಡಿನ ದಂಪತಿ ಲ್ಯುದ್ಮಿಲಾ ಬೆಲೊಉಸೋವಾ ಮತ್ತು ಒಲೆಗ್ ಪ್ರೊಟೊಪೊಪೊವ್. 1964 ಮತ್ತು 1968ರ ಒಲಿಂಪಿಕ್ ಚಿನ್ನ ಗೆದ್ದ ಅವರ ನಿಧಾನಗತಿಯ, ನೀಳವಾದ ಸ್ಕೇಟಿಂಗ್ ಇಂದಿಗೂ ಸೌಂದರ್ಯದ ಅಳತೆಗೋಲು. ಅದರಿಂದ ಅಳೆದಾಗಲೆಲ್ಲ ಮಾಸ್ಕೋದ ಇರೀನಾ ರೊದ್ನಿನಾ ಹಿಂದೆ ಬೀಳುತ್ತಾರೆ; ಪದಕ ಬೇಕಾದಷ್ಟಿವೆ, ಕಲೆ ಸಾಲದು ಎಂಬ ತೀರ್ಪು ಬರುತ್ತದೆ. ತಪ್ಪು ಅಳತೆಗೋಲಿನದು ಎಂಬುದು ನನ್ನ ವಾದ. ಇಬ್ಬರು ಒಂದಾಗುವುದು ದುಡಿಮೆಯಿಂದ ದಕ್ಕುವ ವಿದ್ಯೆ, ಆ ವಿದ್ಯೆಗೆ ತನ್ನದೇ ಚೆಲುವಿದೆ ಎಂಬುದನ್ನು ರೊದ್ನಿನಾರಷ್ಟು ಖಚಿತವಾಗಿ ಬೇರೆ ಯಾರೂ ತೋರಿಸಿಲ್ಲ.

1969ರಲ್ಲಿ, ಇನ್ನೂ ಹತ್ತೊಂಬತ್ತರ ರೊದ್ನಿನಾ ಅಲೆಕ್ಸಿ ಉಲಾನೊವ್ ಜೊತೆಗೂಡಿ ಯುರೋಪಿಯನ್ ಕೂಟದಲ್ಲಿ ಆ ದಂಪತಿಯನ್ನೇ ಸೋಲಿಸಿದರು. ಅದೇ ವರ್ಷ ವಿಶ್ವ ಕಿರೀಟವೂ ಅವರದಾಯಿತು. ತರಬೇತುದಾರ ಸ್ತಾನಿಸ್ಲಾವ್ ಝೂಕ್ ಅವರಿಂದ ಬಯಸಿದ್ದು ವೇಗ. ಆದರೆ ಜೋಡಿಯಲ್ಲಿ ವೇಗವೆಂದರೆ ಒಬ್ಬರ ಓಟವಲ್ಲ. ಐದಡಿ ಆಸುಪಾಸಿನ ಹೆಣ್ಣು ತನಗಿಂತ ಎಷ್ಟೋ ಎತ್ತರದ ಗಂಡಿನ ಒಂದೊಂದು ತಳ್ಳುಹೆಜ್ಜೆಗೂ ಸರಿಸಾಟಿಯಾಗಬೇಕಾದರೆ ಮೊಣಕಾಲು ಅವನಿಗಿಂತ ಆಳವಾಗಿ ಬಾಗಬೇಕು, ಅಲಗು ಅವನಷ್ಟೇ ಹೊತ್ತು ಮಂಜನ್ನು ಕಚ್ಚಿರಬೇಕು. ನಿಧಾನವಾಗಿ ಸಾಗುವಾಗ ಮುಚ್ಚಿಹೋಗುವ ಅರೆಕ್ಷಣದ ತಾಳತಪ್ಪು ವೇಗದಲ್ಲಿ ಎದ್ದು ಕಾಣುತ್ತದೆ. ರೊದ್ನಿನಾ ಈ ಅಪಾಯವನ್ನು ತಾವಾಗಿಯೇ ಆರಿಸಿಕೊಂಡರು. ಅವರ ಕಲೆ ಇರುವುದೇ ಅಲ್ಲಿ.

1972ರಲ್ಲಿ ಉಲಾನೊವ್ ತಮ್ಮ ಎದುರಾಳಿ ಜೋಡಿಯ ಲ್ಯುದ್ಮಿಲಾ ಸ್ಮಿರ್ನೋವಾರನ್ನು ಮದುವೆಯಾಗಿ, ಅವರೊಂದಿಗೇ ಸ್ಕೇಟ್ ಮಾಡಲು ಹೊರಟರು. ಪ್ರೇಮವೇ ಜೋಡಿಯ ಬೇರಾಗಿದ್ದರೆ ರೊದ್ನಿನಾರ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಅವರು ಲೆನಿನ್‌ಗ್ರಾಡಿನ ಅಲೆಕ್ಸಾಂದರ್ ಝೈತ್ಸೆವ್ ಜೊತೆ ಮೊದಲಿಂದ ಶುರುಮಾಡಿದರು. ವರ್ಷ ತುಂಬುವ ಮೊದಲೇ, 1973ರ ಬ್ರಾತಿಸ್ಲಾವಾ ವಿಶ್ವಕೂಟದಲ್ಲಿ, ಪ್ರದರ್ಶನದ ನಡುವೆ ಸಂಗೀತ ನಿಂತುಹೋಯಿತು. ಝೂಕ್ ಮುಂದುವರಿಯುವಂತೆ ಸನ್ನೆ ಮಾಡಿದರು. ಇಬ್ಬರೂ ನಿಲ್ಲದೆ, ಅಲಗುಗಳ ಸದ್ದು ಮತ್ತು ಜನರ ಚಪ್ಪಾಳೆಯಲ್ಲೇ ಕೊನೆಮುಟ್ಟಿಸಿ ಗೆದ್ದರು. ಲಯ ಹೊರಗಿನಿಂದ ಬಂದದ್ದಾಗಿದ್ದರೆ ಆ ಹೊತ್ತಿನಲ್ಲಿ ಕಾಲುಗಳು ಬೇರೆಬೇರೆಯಾಗಬೇಕಿತ್ತು. ಅವರಿಬ್ಬರ ಮದುವೆ ನಡೆದದ್ದು 1975ರಲ್ಲಿ. ಒಂದಾಗುವಿಕೆ ಮೊದಲು ಬಂತು, ದಾಂಪತ್ಯ ಆಮೇಲೆ.

ಇದಕ್ಕೆ ಆಕ್ಷೇಪಗಳಿವೆ. ಸೋವಿಯತ್ ಬಣದ ತೀರ್ಪುಗಾರರ ಒಲವು ಮೊದಲನೆಯದು. ಶೀತಲ ಸಮರದ ಕಾಲದ ಅಂಕಪಟ್ಟಿಗಳನ್ನು ಕಣ್ಣುಮುಚ್ಚಿ ನಂಬಬೇಕೆಂದು ನಾನು ಹೇಳಲಾರೆ. ಆದರೆ 1969ರಲ್ಲಿ ಸೋತ ಬೆಲೊಉಸೋವಾ ಮತ್ತು ಪ್ರೊಟೊಪೊಪೊವ್ ಕೂಡ ಸೋವಿಯತ್ ಜೋಡಿಯೇ, ಅದೂ ಎರಡು ಬಾರಿಯ ಒಲಿಂಪಿಕ್ ವಿಜೇತರು. ಆ ಬದಲಾವಣೆಯನ್ನು ಬಣರಾಜಕೀಯ ವಿವರಿಸದು. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ: ಇದೆಲ್ಲ ಕವಾಯತಲ್ಲವೇ, ಭಾವ ಎಲ್ಲಿದೆ? ರೊದ್ನಿನಾರ ತೋಳುಗಳಲ್ಲಿ ಬೆಲೊಉಸೋವಾರ ನೀಳತೆ ಇರಲಿಲ್ಲ, ಎಂದೂ ಬರಲಿಲ್ಲ. ಆ ದಂಪತಿ, ಗಂಡಿನ ಕೈಹಿಡಿದು ಹೆಣ್ಣು ಮಂಜಿಗೆ ತಾಗುವಂತೆ ಬಾಗಿ ಸುತ್ತುವ ಡೆತ್ ಸ್ಪೈರಲ್‌ಗೆ ಹೊಸ ಬಗೆಗಳನ್ನೇ ಸೇರಿಸಿದಂತೆ ಇವರು ನೆನಪಲ್ಲುಳಿಯುವ ಭಂಗಿಯೊಂದನ್ನೂ ಬಿಟ್ಟುಹೋಗಲಿಲ್ಲ. ಈ ಕೊರತೆ ನಿಜ. ಆದರೆ ‘ಕಲಿಂಕಾ’ ಹಾಡಿನ ಅವರ ಪ್ರದರ್ಶನ ನೋಡಿ: ರಾಗ ಬಿಗಿಯಾಗುತ್ತ ಹೋದಂತೆ ಇಬ್ಬರ ಹೆಜ್ಜೆಯೂ ಬಿಗಿಯಾಗುತ್ತದೆ, ಅಲ್ಲಿ ಚಿಮ್ಮುವುದು ಉಲ್ಲಾಸ. ವಿಷಾದ ಮಾತ್ರವೇ ಭಾವವೆಂದು ಹಟ ಹಿಡಿದವರಿಗಷ್ಟೇ ಅದು ಭಾವರಹಿತವಾಗಿ ಕಂಡೀತು.

ಅಂಕಿಗಳನ್ನು ಬೇಗ ಹೇಳಿಬಿಡಬಹುದು: 1969ರಿಂದ 1978ರವರೆಗೆ ಸತತ ಹತ್ತು ವಿಶ್ವ ಕಿರೀಟ, 1972, 1976, 1980ರ ಮೂರು ಒಲಿಂಪಿಕ್ ಚಿನ್ನ. ಮಗ ಹುಟ್ಟಿ ವರ್ಷ ಕಳೆಯುವಷ್ಟರಲ್ಲಿ 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನಲ್ಲಿ ಗೆದ್ದು, ಪದಕವೇದಿಕೆಯಲ್ಲಿ ಅತ್ತದ್ದನ್ನು ಜಗತ್ತು ಮರೆತಿಲ್ಲ. ಮರಳಿ ಬಂದ ಆ ಛಲ ದೊಡ್ಡದೇ. ಆದರೂ ವಿಮರ್ಶೆಯ ಕಣ್ಣಿಗೆ ಆ ಗೆಲುವಿನ ತೂಕ ಕಡಿಮೆ, ಏಕೆಂದರೆ 1979ರ ವಿಶ್ವವಿಜೇತ ಅಮೆರಿಕನ್ ಜೋಡಿ ಬ್ಯಾಬಿಲೋನಿಯಾ ಮತ್ತು ಗಾರ್ಡ್ನರ್, ಗಾರ್ಡ್ನರ್‌ಗೆ ಆದ ಗಾಯದಿಂದ ಅಲ್ಲಿ ಕಣಕ್ಕಿಳಿಯಲೇ ಇಲ್ಲ. 2007ರಿಂದ ರಷ್ಯಾದ ಸಂಸತ್ತಿನಲ್ಲಿರುವ ರೊದ್ನಿನಾರ ರಾಜಕೀಯವನ್ನು ಒಪ್ಪದವರು ಬಹಳ ಮಂದಿ. ಆ ತಕರಾರನ್ನು ಮಂಜಿನ ಮೇಲಿನ ಕೆಲಸಕ್ಕೆ ಹಚ್ಚುವುದು ನ್ಯಾಯವಲ್ಲ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅವರು ತರಬೇತುದಾರರಾದ ವರ್ಷಗಳು. ಅಮೆರಿಕದಲ್ಲಿದ್ದಾಗ ಅವರು ಕಲಿಸಿದ ಜೆಕ್ ಜೋಡಿ ರಾದ್ಕಾ ಕೊವಾರ್ಝಿಕೋವಾ ಮತ್ತು ರೆನೆ ನೊವೊತ್ನಿ 1995ರಲ್ಲಿ ವಿಶ್ವವಿಜೇತರಾದರು. ಇಬ್ಬರು ಒಂದಾಗುವುದನ್ನು ಬೇರೆ ದೇಶದ, ಬೇರೆ ಮೈಕಟ್ಟಿನ ಇಬ್ಬರಿಗೂ ಕಲಿಸಬಹುದು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಸಿಗಲಾರದು.