ಬೊಮ್ಮಾಯಿ ತೀರ್ಪು: ಕೇಳಿದವರು ಹಲವರು, ಓದಿದವರು ಕೆಲವರು

ಸರ್ಕಾರವೊಂದು ಅಲುಗಾಡತೊಡಗಿದಾಗಲೆಲ್ಲ ನಮ್ಮ ನಾಡಿನಲ್ಲಿ ‘ಬೊಮ್ಮಾಯಿ ಪ್ರಕರಣ’ ಎಂಬ ಮಾತು ಪತ್ರಿಕೆಗಳಿಂದ ಹೋಟೆಲಿನ ಮೇಜಿನವರೆಗೆ ಸಂಚರಿಸುತ್ತದೆ. 2018ರ ಮೇ ತಿಂಗಳ ಸರ್ಕಾರ ರಚನೆಯ ಬಿಕ್ಕಟ್ಟಿನಲ್ಲಂತೂ ಅದು ಮನೆಮಾತೇ ಆಗಿತ್ತು. ಈ ಜನಾಸಕ್ತಿ ಆದರಣೀಯವಾದುದು. ಆದರೆ ಬಹುಮತವು ಸದನದಲ್ಲಿಯೇ ನಿರ್ಣಯವಾಗತಕ್ಕದ್ದೆಂಬ ಒಂದೇ ವಾಕ್ಯಕ್ಕೆ ಆ ತೀರ್ಪನ್ನು ಸಂಕುಚಿತಗೊಳಿಸಿದರೆ ಅದರ ಹಿರಿಮೆಯೂ ಕಾಣದು, ಕೊರತೆಯೂ ಕಾಣದು.

1989ರ ಏಪ್ರಿಲಿನಲ್ಲಿ ಹತ್ತೊಂಬತ್ತು ಶಾಸಕರು ಬೆಂಬಲವನ್ನು ಹಿಂತೆಗೆದುಕೊಂಡರೆಂಬ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಸೇರಿದ ಮೇಲೆ, ಅವರಲ್ಲಿ ಏಳು ಮಂದಿ ತಮ್ಮ ಸಹಿಯನ್ನು ತಪ್ಪು ತಿಳಿಸಿ ಪಡೆಯಲಾಯಿತೆಂದು ಮರುಪತ್ರ ಬರೆದಿದ್ದರೂ, ಅಧಿವೇಶನವನ್ನು ಮುಂಚಿತವಾಗಿಯೇ ಕರೆದು ಬಲವನ್ನು ತೋರಿಸುವೆನೆಂದು ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿಯವರು ಮುಂದೆ ಬಂದಿದ್ದರೂ, 21ನೆಯ ತಾರೀಖಿನಂದು ಸಂವಿಧಾನದ 356ನೆಯ ವಿಧಿಯನ್ವಯ ರಾಷ್ಟ್ರಪತಿ ಆಳ್ವಿಕೆಯ ಘೋಷಣೆ ಹೊರಬಿದ್ದು ಸರ್ಕಾರವೂ ವಿಧಾನಸಭೆಯೂ ಒಟ್ಟಿಗೇ ಕೊನೆಗಂಡವು. ಈ ಘೋಷಣೆಯನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟು ತಳ್ಳಿಹಾಕಿತು; ವಿವಾದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು.

1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಇತ್ತ ತೀರ್ಪಿನ ನಿಜವಾದ ಸತ್ವವು, ನನ್ನ ಮತದಲ್ಲಿ, ಇನ್ನೊಂದೆಡೆ ಇದೆ. ಮಂತ್ರಿಮಂಡಲವು ರಾಷ್ಟ್ರಪತಿಗಳಿಗೆ ಇತ್ತ ಸಲಹೆ ಏನೆಂದು ವಿಚಾರಿಸಲಾಗದೆಂಬ ಸಂವಿಧಾನದ ನಿಷೇಧವನ್ನು ಮನ್ನಿಸಿಯೂ, ಆ ಸಲಹೆಗೆ ಆಧಾರವಾದ ಸಾಮಗ್ರಿಯನ್ನು ಮುಂದಿಡಿರೆಂದು ಕೇಳುವ ಅಧಿಕಾರ ತನಗುಂಟೆಂದು ನ್ಯಾಯಾಲಯ ಸಾರಿತು. ಸಂಸತ್ತಿನ ಎರಡೂ ಸದನಗಳು ಘೋಷಣೆಯನ್ನು ಒಪ್ಪುವ ಮುನ್ನ ವಿಧಾನಸಭೆಯನ್ನು ವಿಸರ್ಜಿಸಕೂಡದೆಂದೂ ವಿಧಿಸಿತು. ಸಂದೇಹಕ್ಕೆ ಮೀರಿದ್ದೆಂದು ಬಹುಕಾಲ ಭಾವಿಸಲಾಗಿದ್ದ ಒಂದು ಅಧಿಕಾರವು ಅಂದಿನಿಂದ ಕಾರಣ ಹೇಳಬೇಕಾದ ಅಧಿಕಾರವಾಯಿತು.

ದೋಷಗಳೂ ಲಘುವಾದುವಲ್ಲ. ಆರು ಪ್ರತ್ಯೇಕ ಅಭಿಪ್ರಾಯಗಳಾಗಿ ಹರಡಿಕೊಂಡಿರುವ ಈ ತೀರ್ಪಿನಲ್ಲಿ ಬಹುಮತದ ಮಾತು ಯಾವುದೆಂದು ಅರಿಯಲು ವಕೀಲರೂ ಹಾಳೆಗಳನ್ನು ಹೋಲಿಸಿ ನೋಡಬೇಕು. ಸಾಮಾನ್ಯ ಪ್ರಜೆಯ ಪಾಡೇನು? ಇನ್ನು ಪರಿಹಾರದ ವಿಷಯ ಮನಸ್ಸನ್ನು ನೋಯಿಸುವಂಥದು. ಕರ್ನಾಟಕದ ಘೋಷಣೆ ಅಸಾಂವಿಧಾನಿಕವೆಂದು ನಿರ್ಣಯವಾಗುವ ವೇಳೆಗೆ ಸುಮಾರು ಐದು ವರ್ಷಗಳು ಸಂದುಹೋಗಿ, 1989ರ ಕೊನೆಯಲ್ಲಿಯೇ ಚುನಾವಣೆ ನಡೆದು, ಬೇರೊಂದು ಪಕ್ಷ ಅಧಿಕಾರಕ್ಕೆ ಬಂದಾಗಿತ್ತು. ವಜಾಗೊಂಡವರಿಗೆ ಸಂದದ್ದು ಮಾತಿನ ನ್ಯಾಯ ಮಾತ್ರ.

ಆದುದರಿಂದ ಓದುಗರಲ್ಲಿ ನನ್ನದೊಂದು ವಿನಂತಿ. ಇಡೀ ತೀರ್ಪು ದೀರ್ಘವೆನಿಸಿದರೆ ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಸಾವಂತರ ಅಭಿಪ್ರಾಯವನ್ನಾದರೂ ಓದಿ. ನಮ್ಮ ರಾಜ್ಯದ ಆ ಏಪ್ರಿಲ್ ದಿನಗಳ ವೃತ್ತಾಂತ ಅದರಲ್ಲಿ ವಿವರವಾಗಿ ಬಂದಿದೆ.