ಕ್ಲಬ್ಬಿಗೆ ಕಟ್ಟಳೆಯುಂಟು, ಲೀಗಿಗೆ?

ಕಾಲ್ಚೆಂಡಿನ ಮೈದಾನದೊಳಗಿನ ಆಟಕ್ಕೆ 17 ನಿಯಮಗಳಿವೆ. ಅವುಗಳಲ್ಲಿ ಮುಖ್ಯವಾದವು ಶಾಲಾ ಮಕ್ಕಳಿಗೂ ಗೊತ್ತು. ಆದರೆ ಮೈದಾನದ ಹೊರಗೆ, ಒಂದು ಲೀಗು ತನ್ನ ಸದಸ್ಯ ಕ್ಲಬ್ಬುಗಳನ್ನು ಹೇಗೆ ಆಳುತ್ತದೆ, ಆ ನಿಯಮಗಳನ್ನು ಮಾಡುವವರು ಯಾರು, ಲೀಗೇ ತಪ್ಪಿದರೆ ಕೇಳುವವರು ಯಾರು ಎಂದು ವಿಚಾರಿಸುವವರು ನಮ್ಮಲ್ಲಿ ವಿರಳ. 2025ರಲ್ಲಿ ಇಂಡಿಯನ್ ಸೂಪರ್ ಲೀಗ್ ಎಂಬ ದೇಶದ ಅತ್ಯುನ್ನತ ಪಂದ್ಯಾವಳಿ ಕಾಲಕ್ಕೆ ಸರಿಯಾಗಿ ಆರಂಭವಾಗದೆ ನಿಂತಾಗ ಈ ಪ್ರಶ್ನೆ ತಾನಾಗಿಯೇ ಎದುರಿಗೆ ಬಂತು.

ನಾಸಿಕದಲ್ಲಿ, ಛತ್ರಪತಿ ಸಂಭಾಜಿನಗರದಲ್ಲಿ ಕುಳಿತ ನಮಗೇಕೆ ಈ ಉಸಾಬರಿ ಎಂದು ಕೆಲವು ವಾಚಕರು ಕೇಳಬಹುದು. ನಿಜ, ಈ ಎರಡೂ ಊರುಗಳಿಂದ ಆ ಲೀಗಿನಲ್ಲಿ ಆಡುವ ಕ್ಲಬ್ಬಿಲ್ಲ. ಆದರೆ ನಮ್ಮ ಸಂಬಂಧ ಅಷ್ಟು ದೂರದ್ದೇನೂ ಅಲ್ಲ. ಬೆಂಗಳೂರಿನ ಎಚ್‌ಎಎಲ್ ತಂಡ ಐ-ಲೀಗಿನಲ್ಲಿ ಆಡಿ 2011-12ರ ಕೊನೆಗೆ ಕೆಳಗಿಳಿಯಿತು. ಅದೇ ಎಚ್‌ಎಎಲ್‌ನ ಕಾರ್ಖಾನೆ ನಮ್ಮ ಓಝರ್‌ನಲ್ಲಿದೆ. ನಾಸಿಕದಲ್ಲಿ ವಾಹನ ತಯಾರಿಸುವ ಮಹೀಂದ್ರಾದವರು ಮುಂಬಯಿಯಲ್ಲಿ ಮಹೀಂದ್ರಾ ಯುನೈಟೆಡ್ ಎಂಬ ತಂಡವನ್ನು ನಡೆಸುತ್ತಿದ್ದರು. 2005-06ರಲ್ಲಿ ರಾಷ್ಟ್ರೀಯ ಲೀಗನ್ನೇ ಗೆದ್ದ ಆ ತಂಡವನ್ನು ಒಡೆಯರು 2010ರಲ್ಲಿ ಮುಚ್ಚಿದರು. ಪುಣೆ ಸಿಟಿ ಎಂಬ ಕ್ಲಬ್ಬು 2014ರಲ್ಲಿ ಸೂಪರ್ ಲೀಗಿನೊಡನೆ ಹುಟ್ಟಿ 2019ರಲ್ಲಿ ಕಣ್ಮರೆಯಾಯಿತು. ಇನ್ನು ಬೆಂಗಳೂರು ಎಫ್‌ಸಿ ಎಂದರೆ, ಕನ್ನಡ ಓದಲು ತಡವರಿಸುವ ನಮ್ಮ ಮಕ್ಕಳೂ ‘ನಮ್ಮ ಟೀಮು’ ಎನ್ನುವ ತಂಡ.

ಆ ತಂಡದ ಚರಿತ್ರೆಯನ್ನೇ ನೋಡೋಣ. 2013ರಲ್ಲಿ ಸ್ಥಾಪನೆಯಾಗಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2015-16ರಲ್ಲಿ ಮತ್ತೆ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯ ತಲುಪಿದ ಮೊದಲ ಭಾರತೀಯ ಕ್ಲಬ್ಬೆನಿಸಿತು. ಇಷ್ಟಾದರೂ 2017ರಲ್ಲಿ ಅದು ಸೂಪರ್ ಲೀಗಿಗೆ ಹೋದದ್ದು ಗೆದ್ದು ಮೇಲೇರಿದ್ದರಿಂದಲ್ಲ. ಅರ್ಜಿ ಹಾಕಿ, ಹಣ ಕಟ್ಟಿ. ಏಕೆಂದರೆ ಆಗ ಆ ಲೀಗಿಗೆ ಏಣಿಯೇ ಇರಲಿಲ್ಲ. ಗೆದ್ದವರು ಏರುವ ಏಣಿಯನ್ನು ಇಟ್ಟದ್ದು 2022-23ರಲ್ಲಿ. ಪಂಜಾಬ್ ಎಫ್‌ಸಿ ಮೊದಲು ಏರಿತು. ಇಳಿಯುವ ಏಣಿಯನ್ನಂತೂ 2024-25ರ ಹಂಗಾಮು ಮುಗಿಯುವವರೆಗೆ ಯಾರೂ ಇಡಲಿಲ್ಲ. ಅಲ್ಲಿಯವರೆಗೆ ಕೊನೆಯ ಸ್ಥಾನದಲ್ಲಿ ನಿಂತವನೂ ಹಣ ಕಟ್ಟಿದ್ದಾನೆಂಬ ಕಾರಣಕ್ಕೆ ಮುಂದಿನ ವರ್ಷ ಅಲ್ಲೇ ಇರುತ್ತಿದ್ದ. ದುಡ್ಡೇ ದೊಡ್ಡಪ್ಪ ಎಂಬುದು ಇಲ್ಲಿ ಗಾದೆಯಷ್ಟೇ ಅಲ್ಲ, ಕಟ್ಟಳೆ.

ಹಾಗೆಂದು ಕ್ಲಬ್ಬುಗಳ ಮೇಲೆ ನಿಯಮಗಳಿಲ್ಲವೆ? ಬೇಕಾದಷ್ಟಿವೆ. ಲೈಸೆನ್ಸ್ ಪಡೆಯಲು ಮೈದಾನ, ಕಿರಿಯರ ತಂಡಗಳು, ಅರ್ಹ ತರಬೇತುದಾರರು, ತಪಾಸಣೆಯಾದ ಲೆಕ್ಕಪತ್ರ ಎಲ್ಲವನ್ನೂ ತೋರಿಸಬೇಕು. ಶಿಸ್ತಿನ ವಿಷಯದಲ್ಲಂತೂ ಕೈ ಬಿಗಿಯಾಗಿಯೇ ಇದೆ. 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಛೇತ್ರಿ ಫ್ರೀ ಕಿಕ್ಕನ್ನು ತಟ್ಟನೆ ಹೊಡೆದು ಗೋಲು ಮಾಡಿದಾಗ ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ನಡೆಯಿತಷ್ಟೆ. ಆ ತಿಂಗಳು ಮುಗಿಯುವುದರೊಳಗೆ ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ನಿನ ಶಿಸ್ತು ಸಮಿತಿ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ವಿಧಿಸಿತು. ತರಬೇತುದಾರನಿಗೆ 10 ಪಂದ್ಯಗಳ ನಿಷೇಧ ಬಿತ್ತು. ಒಳ್ಳೆಯದೇ. ಅರ್ಧದಲ್ಲಿ ಆಟ ಬಿಟ್ಟು ಹೋಗುವುದು ಪ್ರೇಕ್ಷಕನಿಗೆ ಮಾಡಿದ ಅಪಚಾರ.

ಆದರೆ ಆಟವನ್ನೇ ನಡೆಸದಿರುವುದು? ಫೆಡರೇಶನ್ 2010ರ ಡಿಸೆಂಬರಿನಲ್ಲಿ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಗಳಿಗೆ, 700 ಕೋಟಿ ರೂಪಾಯಿಗೆ ಖಾಸಗಿ ಸಂಸ್ಥೆಗೆ ವಹಿಸಿತ್ತು. ಆ ಕರಾರು 2025ರ ಡಿಸೆಂಬರಿನಲ್ಲಿ ಮುಗಿಯುತ್ತದೆಂಬುದು ಸಹಿ ಹಾಕಿದ ದಿನವೇ ಗೊತ್ತಿದ್ದ ಸಂಗತಿ. ಕಡತಗಳ ನಡುವೆಯೇ ತಲೆ ನರೆತ ನನ್ನಂಥ ಗುಮಾಸ್ತನಿಗೂ, ಕರಾರು ಮುಗಿಯುವ ಮುನ್ನ ಟಿಪ್ಪಣಿ ಮಂಡಿಸಬೇಕೆಂಬುದು ತಿಳಿದಿದೆ. ಫೆಡರೇಶನ್ನಿನ ಸಂವಿಧಾನದ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿದ್ದುದರಿಂದ ಕೊನೆಯ ತಿಂಗಳುಗಳಲ್ಲಿ ಹೊಸ ಕರಾರಿನ ಮಾತುಕತೆಗೆ ತಡೆಯಿತ್ತು ಎಂಬುದನ್ನು ಒಪ್ಪೋಣ. ಅದಕ್ಕೆ ಮುಂಚಿನ ವರ್ಷಗಳಿಗೆ ಯಾವ ತಡೆಯಿತ್ತು? 2025ರ ಜುಲೈನಲ್ಲಿ ಲೀಗು ಸ್ಥಗಿತವಾಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯಿತು. ಸೆಪ್ಟೆಂಬರ್ 19ರಂದು ಕೋರ್ಟು ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಟೆಂಡರ್ ಕರೆದರೆ ಒಬ್ಬನೂ ಮುಂದೆ ಬರಲಿಲ್ಲ. ಕಡೆಗೆ 2026ರ ಜನವರಿ 6ರಂದು, ಫೆಬ್ರವರಿ 14ರಿಂದ ಆಟವೆಂದು ಪ್ರಕಟಿಸಬೇಕಾದವರು ಕೇಂದ್ರ ಕ್ರೀಡಾ ಸಚಿವರು! ಒಂದು ಪಂದ್ಯ ಬಿಟ್ಟವನಿಗೆ 4 ಕೋಟಿ ದಂಡ. ತಿಂಗಳುಗಟ್ಟಲೆ ಲೀಗೇ ನಿಂತರೆ ಒಬ್ಬನಿಗೂ ಒಂದು ಪೈಸೆ ದಂಡವಿಲ್ಲ.

ಇಂಗ್ಲೆಂಡಿನಲ್ಲಿ 1992ರಲ್ಲಿ ಆರಂಭವಾದ ಪ್ರೀಮಿಯರ್ ಲೀಗಿಗೆ 20 ಕ್ಲಬ್ಬುಗಳೇ ಪಾಲುದಾರರು. ಕ್ಲಬ್ಬಿಗೊಂದು ಓಟು, ನಿಯಮ ಬದಲಿಸಲು 14 ಓಟು ಬೇಕು. ಖರ್ಚಿನ ಮಿತಿ ಮೀರಿದ ಎವರ್ಟನ್ ಕ್ಲಬ್ಬಿಗೆ 2023ರ ನವೆಂಬರಿನಲ್ಲಿ 10 ಅಂಕ ಕಡಿತವಾಯಿತು. ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು. ಅಂದರೆ ದಂಡವೂ ಉಂಟು, ದಂಡಿಸಿದವರನ್ನು ಪ್ರಶ್ನಿಸುವ ಜಾಗವೂ ಉಂಟು. ಇಷ್ಟೂ ಸಾಲದೆಂದು 2025ರ ಜುಲೈನಲ್ಲಿ ಅಲ್ಲಿ ಕಾನೂನು ಮಾಡಿ ಸ್ವತಂತ್ರ ನಿಯಂತ್ರಕನೊಬ್ಬನನ್ನು ಏರ್ಪಡಿಸಿದರು. ಜರ್ಮನಿಯಲ್ಲಿ ಕ್ಲಬ್ಬಿನ ಅರ್ಧಕ್ಕಿಂತ ಹೆಚ್ಚು ಓಟಿನ ಬಲ ಸಾಮಾನ್ಯವಾಗಿ ಅದರ ಸದಸ್ಯರ ಕೈಯಲ್ಲೇ ಇರಬೇಕೆಂಬ ಕಟ್ಟಳೆಯಿದೆ.

ಹಣ ಹಾಕುವವರಿಲ್ಲದೆ ಲೀಗು ನಡೆಯದು ಎಂಬ ವಾದದಲ್ಲಿ ಸತ್ಯಾಂಶವಿದೆ. ಸೂಪರ್ ಲೀಗು ಬಂದ ಮೇಲೆ ಆಟವು ಮನೆಮನೆಯ ಟಿವಿಗೆ ಬಂತು, ಆಟಗಾರರ ಗಳಿಕೆ ಹೆಚ್ಚಿತು, ಅದನ್ನು ಅಲ್ಲಗಳೆಯಲಾಗದು. ಆದರೆ ಹಣ ಹಾಕಿದವನಿಗೆ ಲಾಭದ ಹಕ್ಕುಂಟೇ ಹೊರತು, ಆಟ ನಡೆಯಬೇಕೆ ಬೇಡವೆ ಎಂದು ತೀರ್ಮಾನಿಸುವ ಹಕ್ಕಿರಬಾರದು. ಲೀಗಿನಲ್ಲಿ ಪ್ರತಿ ಕ್ಲಬ್ಬಿಗೂ ಓಟಿರಲಿ. ಕರಾರು ಮುಗಿಯುವ ಎರಡು ವರ್ಷ ಮೊದಲೇ ಮುಂದಿನ ಏರ್ಪಾಡು ಪ್ರಕಟವಾಗಲಿ. ಆಟ ನಿಂತರೆ ಆಟಗಾರರ, ಸಿಬ್ಬಂದಿಯ ಸಂಬಳಕ್ಕೆ ಸಾಕಾಗುವಷ್ಟು ಠೇವಣಿಯನ್ನು ಲೀಗು ನಡೆಸುವವರಿಂದ ಮೊದಲೇ ಇರಿಸಿಕೊಳ್ಳಲಿ.

ಇದು ದೊಡ್ಡ ಬೇಡಿಕೆಯೇನಲ್ಲ. ಪರಊರಿನಲ್ಲಿ ಕನ್ನಡ ಸಂಘ ಕಟ್ಟಿಕೊಂಡವರಿಗೆಲ್ಲ ಇದು ಗೊತ್ತು: ಚಂದಾ ಕೊಟ್ಟ ಪ್ರತಿ ಸದಸ್ಯನಿಗೂ ಸರ್ವಸಾಧಾರಣ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವ ಅಧಿಕಾರವಿದೆ, ಕಾರ್ಯದರ್ಶಿಗೆ ಉತ್ತರ ಕೊಡುವ ಬಾಧ್ಯತೆಯಿದೆ. ರಾಜ್ಯೋತ್ಸವವನ್ನು ಒಂದು ವರ್ಷ ನಡೆಸದಿದ್ದರೆ ಯಾವ ಸಂಘದ ಕಾರ್ಯಕಾರಿ ಸಮಿತಿ ಸುಮ್ಮನೆ ಪಾರಾದೀತು? ಕೋಟಿಗಟ್ಟಲೆ ವಹಿವಾಟಿನ ಲೀಗಿಗೆ ಕನಿಷ್ಠ ಅಷ್ಟು ಕಟ್ಟಳೆಯಾದರೂ ಬೇಡವೆ?