ಮೂಗಿನ ಅಳತೆ

ಕಾಂಪೌಂಡರ್ ಎಂಬ ಮಾತು ನಮ್ಮ ಬಾಯಲ್ಲಿ ಉಳಿದಿದೆ, ಆ ಕೆಲಸ ಹೆಚ್ಚುಕಡಿಮೆ ಹೋಗಿದೆ. ಅಳೆದು, ಅರೆದು, ಬೆರೆಸಿ, ಸೀಸೆಗೆ ಡೋಸಿನ ಗುರುತಿನ ಕಾಗದ ಅಂಟಿಸುತ್ತಿದ್ದವರ ಜಾಗದಲ್ಲಿ ಈಗ ಸ್ಟ್ರಿಪ್ಪು ಕತ್ತರಿಸಿ ಕೊಡುವವರಿದ್ದಾರೆ. ಬೆರೆಸಿದ ಮದ್ದು ಇನ್ನೂ ಜಾಗ ಬಿಡದಿರುವುದು ಸರ್ಜಿಕಲ್ ವಾರ್ಡಿನ ಡ್ರೆಸ್ಸಿಂಗ್ ಟ್ರಾಲಿಯಲ್ಲಿ.

ಅಲ್ಲಿನ ಹಿರಿಯ ಯೂಸಾಲ್. 1915ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಹೆಸರೂ ಆ ವಿಶ್ವವಿದ್ಯಾಲಯದ್ದೇ. ಒಂದು ಲೀಟರ್ ನೀರಿಗೆ 12.5 ಗ್ರಾಂ ಬ್ಲೀಚಿಂಗ್ ಪೌಡರ್, ಅಷ್ಟೇ ಬೋರಿಕ್ ಆಸಿಡ್. ಕುಲುಕಿ, ನಿಲ್ಲಲು ಬಿಟ್ಟು, ಸೋಸಿದರಾಯಿತು. ಪಂಚಾಯಿತಿಯವರು ಬಾವಿಗೆ ಪುಡಿ ಹಾಕಿದ ದಿನದ ವಾಸನೆಯೇ ಇದಕ್ಕೂ. ಆ್ಯಂಟಿಬಯಾಟಿಕ್ ಇಲ್ಲದ ಕಾಲದಲ್ಲಿ, ಕಂದಕದ ಮಣ್ಣು ಮೆತ್ತಿದ ಗಾಯಗಳಿಗೆ ಇಷ್ಟು ಅಗ್ಗದ ಮದ್ದು ಸಿಕ್ಕಿದ್ದು ದೊಡ್ಡದೇ.

ಅದು ಕೆಲಸ ಮಾಡುತ್ತದೆ. ಅಂಟಿಕೊಂಡ ಕೊಳೆತ ಪದರ ಸಡಿಲವಾಗುತ್ತದೆ, ಕೀವು ತಗ್ಗುತ್ತದೆ. ಆದರೆ ಕ್ಲೋರಿನ್ನಿಗೆ ಕೊಳೆತದ್ದು ಯಾವುದು, ಕೆಂಪಗೆ ಚಿಗುರಿದ್ದು ಯಾವುದು ಎಂಬ ಭೇದವಿಲ್ಲ. 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ಇದೇ ಕಾರಣಕ್ಕೆ ಯೂಸಾಲ್ ವಿರುದ್ಧ ದೊಡ್ಡ ತಕರಾರೆದ್ದಿತು. ಲ್ಯಾಬಿನ ತಟ್ಟೆಯಲ್ಲಿ ಸತ್ತ ಜೀವಕೋಶವೂ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣೂ ಒಂದೇ ಅಲ್ಲ, ನಿಜ. ಹಾಗಾಗಿ ಅದನ್ನು ಪೂರ್ತಿ ಎತ್ತಿಬಿಡಿ ಎನ್ನುವವನು ನಾನಲ್ಲ. ಗಾಯ ಕೆಂಪಾದ ಮೇಲೂ ರೂಢಿಯ ಮೇಲೆ ಸುರಿಯುತ್ತಲೇ ಇರುವುದನ್ನು ಮಾತ್ರ ಒಪ್ಪಲಾರೆ.

ಮೆಟ್ರೊನಿಡಜೋಲ್ ಪುಡಿಗೆ ಇದಕ್ಕಿಂತ ಹೆಚ್ಚು ಅಂಕ ಕೊಡುತ್ತೇನೆ. ಒಡೆದ ಕ್ಯಾನ್ಸರ್ ಗಡ್ಡೆಯ ದುರ್ನಾತಕ್ಕೆ ಮುಖ್ಯ ಕಾರಣ ಗಾಳಿಯಿಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾ. ಹೊಟ್ಟೆಗೆ ಕೊಡುವ ಮಾತ್ರೆಯನ್ನೇ ನುಣ್ಣಗೆ ಪುಡಿಮಾಡಿ ಉದುರಿಸಿದರೆ ಅವು ಸಾಯುತ್ತವೆ, ನಾತ ಇಳಿಯುತ್ತದೆ. ಜೆಲ್ ಸಿಗುತ್ತದೆ, ದೊಡ್ಡ ಗಾಯಕ್ಕೆ ದಿನಾ ಹಚ್ಚುವಷ್ಟು ಕೊಳ್ಳುವ ಶಕ್ತಿ ಎಷ್ಟು ಮನೆಗಳಿಗಿದೆ? ಮಾತ್ರೆ ಕ್ರಿಮಿರಹಿತವಲ್ಲ, ಮೇಲಿನ ಲೇಪದ ಚೂರುಗಳು ಗಾಯದಲ್ಲಿ ಉಳಿಯುತ್ತವೆ. ಇರಲಿ. ಇಲ್ಲಿ ಗಾಯ ಮಾಯಬೇಕೆಂಬ ಹಟವಿಲ್ಲ. ಮನೆಮಂದಿ ಮೂಗು ಮುಚ್ಚದೆ ಹಾಸಿಗೆಯ ಪಕ್ಕ ಕೂರುವಂತಾದರೆ ಸಾಕು.

ಫೆನಿಟಾಯಿನ್ ಕಥೆ ಬೇರೆ. ಮೂರ್ಛೆರೋಗಕ್ಕೆ ಅದನ್ನು ನುಂಗುವವರ ವಸಡು ದಪ್ಪವಾಗುತ್ತದೆ; ವಸಡು ಬೆಳೆಸುವುದು ಗಾಯದ ಮಾಂಸವನ್ನೂ ಬೆಳೆಸದೇ ಎಂದು ಯಾರಿಗೋ ಹೊಳೆಯಿತು. ಕುಷ್ಠದ ಪಾದದ ಹುಣ್ಣುಗಳ ಮೇಲೆ ಭಾರತದಲ್ಲೂ ಪ್ರಯೋಗಗಳಾದವು. ಜಾಣ ಊಹೆ. ಆದರೆ ಆ ಉತ್ಸಾಹಕ್ಕೆ ತಕ್ಕಷ್ಟು ದೊಡ್ಡ ಪುರಾವೆ ನನ್ನ ಕಣ್ಣಿಗೆ ಬಿದ್ದಿಲ್ಲ.

ನನ್ನ ನಿಜವಾದ ದೂರು ಮದ್ದುಗಳ ಮೇಲಲ್ಲ. ಬೆರೆಸಿದ ಮದ್ದಿನ ಹೆಚ್ಚುಗಾರಿಕೆಯೇ ಅದು ಈ ಗಾಯಕ್ಕೆ, ಇವತ್ತಿಗೆ ಎಂದು ತಯಾರಾಗುವುದು. ಯೂಸಾಲಿನ ಕ್ಲೋರಿನ್ ದಿನದಿನಕ್ಕೂ ಹಾರಿಹೋಗುತ್ತದೆ, ಎರಡು ವಾರ ಕಳೆದರೆ ನಂಬುವಂತಿಲ್ಲ. ನೆಂಟರೊಬ್ಬರ ಕಾಲಿನ ಡ್ರೆಸ್ಸಿಂಗ್‌ಗೆ ಸರ್ಕಾರಿ ಆಸ್ಪತ್ರೆಯೊಂದಕ್ಕೆ ಹೋಗಿದ್ದಾಗ ಟ್ರಾಲಿಯಲ್ಲಿ ಖಾಲಿ ಸಲೈನ್ ಬಾಟ್ಲಿ ಇತ್ತು. ಅದಕ್ಕೆ ಸುತ್ತಿದ್ದ ಪ್ಲಾಸ್ಟರಿನ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದದ್ದು ಮದ್ದಿನ ಹೆಸರೊಂದೇ. ಸಾಲಿನ ಎಂಟೂ ಮಂಚಕ್ಕೆ ಅದೇ ಬಾಟ್ಲಿ. ಯಾವಾಗ ಮಾಡಿದ್ದು ಸಿಸ್ಟರ್ ಎಂದು ಕೇಳಿದೆ. ಅವರು ಮುಚ್ಚಳ ತೆಗೆದು ಮೂಸಿ ನೋಡಿದರು.

"ಇನ್ನೂ ವಾಸನೆ ಇದೆ ಸಾರ್" ಎಂದು ಗಾಜ್ ಅದ್ದಿದರು.